ಆಮ್ಹಿ, ಆಪಣ ಮತ್ತು ನಮ್ಮ "ನಾವು"

ಬೆಂಗಳೂರಿಗೆ ಬಂದವರು ಕನ್ನಡ ಕಲೀಬೇಕು ಅನ್ನೋ ಮಾತು ಬಂದ ಕೂಡಲೇ ನಾವು ಹೊರನಾಡ ಕನ್ನಡಿಗರೂ ಜೋರಾಗಿ ತಲೆಯಾಡಿಸ್ತೀವಿ. ನ್ಯಾಯವಾದ ಮಾತೇ. ಆದರೆ ಅದೇ ನ್ಯಾಯ ನಾಸಿಕ್‌ನಲ್ಲಿರೋ ನಮಗೂ ಅನ್ವಯಿಸಬೇಕಲ್ವಾ? ಇಪ್ಪತ್ತು ವರ್ಷ ಇಲ್ಲೇ ಇದ್ದು, ಇವತ್ತಿಗೂ ಕೊತ್ತಂಬರಿ ಸೊಪ್ಪನ್ನ ಹಿಂದಿಯಲ್ಲೇ ಚೌಕಾಸಿ ಮಾಡೋ ನಮ್ಮವರು ಕಮ್ಮಿಯೇನಿಲ್ಲ.

ಅದಕ್ಕೆ ಕಾರಣವೂ ಇದೆ ಅನ್ನಿ. ನಮ್ಮಲ್ಲಿ ಎಷ್ಟೋ ಜನ ಇಲ್ಲಿಗೆ ಬಂದದ್ದು ಬೆಂಗಳೂರಿನ ಕಂಪನಿಗಳ ಬೆನ್ನು ಹತ್ತಿ. ಎಚ್‌ಎಎಲ್ 1964ರಲ್ಲಿ ಓಝರ್‌ನಲ್ಲಿ ಮಿಗ್ ವಿಮಾನಕ್ಕೆ ಅಂತ ಕಾರ್ಖಾನೆ ಶುರು ಮಾಡಿತು. ಸಾತಪುರಕ್ಕೆ ಮೈಕೋ ಬಂತು. ಕಂಪನಿಯ ಹೆಸರು ಬಾಷ್ ಅಂತ ಬದಲಾದರೂ ಜನ ಇನ್ನೂ ಮೈಕೋ ಸರ್ಕಲ್ ಅಂತಲೇ ಅನ್ನೋದು. ಇನ್ನು ಉಡುಪಿ ಹೋಟೆಲಿನವರು ಎಲ್ಲಿಲ್ಲ ಹೇಳಿ? ಕಾರ್ಖಾನೆಯಲ್ಲಿ ಇಂಗ್ಲಿಷು, ಮಾರ್ಕೆಟ್ಟಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಮರಾಠಿಗೆ ಜಾಗವೇ ಇಲ್ಲದ ಹಾಗೆ ಬದುಕು ಸಾಗಿಸಿಬಿಡಬಹುದು.

ನಮ್ಮ ಸಂಬಂಧಿಕರ ಹುಡುಗನೊಬ್ಬ ಇಟಲಿಯ ಟ್ಯೂರಿನ್‌ನಲ್ಲಿದ್ದಾನೆ. ಅಲ್ಲಿ ಹಾಗೆ ನಡೆಯೋಲ್ಲ. 2018ರ ಕೊನೆಯಿಂದ ಅಲ್ಲಿನ ಪೌರತ್ವ ಬೇಕಾದವರು ಸಾಮಾನ್ಯವಾಗಿ ಇಟಾಲಿಯನ್‌ನಲ್ಲಿ ಬಿ-1 ಮಟ್ಟ ತೋರಿಸಲೇಬೇಕು. "ಪುಸ್ತಕದ ವ್ಯಾಕರಣ ಪರೀಕ್ಷೆಗೆ ಸಾಕು, ಕಾಫಿ ಅಂಗಡಿಗೆ ಸಾಕಾಗಲ್ಲ ಅಂಕಲ್" ಅಂತಾನೆ ಅವನು. "ಪ್ರೇಗೊ" ಅನ್ನೋ ಒಂದೇ ಪದ "ಪರವಾಗಿಲ್ಲ", "ಬನ್ನಿ", "ಹೇಳಿ ಏನು ಬೇಕು" ಎಲ್ಲಕ್ಕೂ ಆಗುತ್ತಂತೆ. ಗೌರವದ "ತಾವು" ಅನ್ನೋಕೆ ಬಳಸೋ "ಲೇಯಿ" ಅಂದ್ರೆ "ಅವಳು" ಅಂತಲೂ ಅರ್ಥ! ನಮಗೋ, ದಾವಣಗೆರೆಯಿಂದ ನಾಸಿಕ್‌ಗೆ ಬರೋಕೆ ಯಾರೂ ಪರೀಕ್ಷೆ ಇಡಲಿಲ್ಲ. ಕೇಳುವವರಿಲ್ಲ ಅಂತ ನಾವು ಕಲಿಯಲೂ ಇಲ್ಲ.

ಹಾಗೆ ನೋಡಿದ್ರೆ ನಮಗೆ ಅರ್ಧ ಮರಾಠಿ ಬಂದೇ ಇರುತ್ತೆ. ತುಪ್ಪ ಇಲ್ಲಿ ತೂಪ. "ಜೇವಣ ಝಾಲಂ ಕಾ?" ಅಂದ್ರೆ ನಮ್ಮ "ಊಟ ಆಯ್ತಾ?"ನೇ. ಹೊರಡುವಾಗ ಅವರೂ "ಹೋಗ್ತೀನಿ" ಅನ್ನೋಲ್ಲ, "ಯೇತೋ", ಅಂದ್ರೆ ಬರ್ತೀನಿ ಅಂತಾರೆ. "ಚಾಲೇಲ್" ಅನ್ನೋದು ಧಾರವಾಡದ ಕಡೆಯ "ನಡೀತದ". ಉಳಿದರ್ಧದಲ್ಲಿ ಮಾತ್ರ ಹುಷಾರಾಗಿರಬೇಕು. ಅವರ "ತಾಯಿ" ಅಂದ್ರೆ ಅಕ್ಕ, ಅಮ್ಮ ಅಲ್ಲ. "ರಾಗ ಆಲಾ ಕಾ?" ಅಂತ ಕೇಳಿದರೆ ಅದು ಸಂಗೀತದ ಸುದ್ದಿಯಲ್ಲ ಮಾರಾಯ್ರೆ, ಸಿಟ್ಟು ಬಂತಾ ಅಂತ. ನಮಗೆ ಕಾಳಜಿ ಅಂದ್ರೆ ಅಕ್ಕರೆ. "ಕಾಳಜಿ ಕರೂ ನಕಾ" ಅಂತ ಅವರಂದರೆ "ಚಿಂತೆ ಮಾಡಬೇಡಿ" ಅಂತ ಧೈರ್ಯ ಹೇಳ್ತಿದಾರೆ ಅಂತ ಅರ್ಥ.

ನಾಸಿಕ್‌ನ ಮರಾಠಿ ಕಲಿತರೂ ಸಂಭಾಜಿನಗರಕ್ಕೆ ಹೋದಾಗ ಕಿವಿ ಇನ್ನೊಂದು ಸಲ ಹದ ಮಾಡಿಕೊಳ್ಳಬೇಕು. ಮರಾಠವಾಡ 1948ರ ತನಕ ನಿಜಾಮರ ಸಂಸ್ಥಾನದಲ್ಲಿತ್ತು, ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಹಾಗೇ. ಉರ್ದುವಿನ ಒಗ್ಗರಣೆ ಅಲ್ಲಿ ಜಾಸ್ತಿ. ಮರಾಠಿಯ "ನಕೋ" ದಖನಿಯಲ್ಲಿ "ನಕ್ಕೋ" ಆಗಿ ಕೂತಿದೆ. ನನ್ನಂಥ ದಾವಣಗೆರೆಯವನಿಗೆ ಅಲ್ಲಿ ವರ್ಷಗಟ್ಟಲೆ ಹಿಡಿಯೋದು ಕಲಬುರಗಿಯವರಿಗೆ ಒಂದೇ ವಾರದಲ್ಲಿ ಬರುತ್ತೆ. ಊರಿನ ಹೆಸರು 2023ರಲ್ಲಿ ಅಧಿಕೃತವಾಗಿ ಬದಲಾಯಿತು. ಯಾರ ಮುಂದೆ ಯಾವ ಹೆಸರು ಹೇಳಬೇಕು ಅನ್ನೋದು ಯಾವ ಪುಸ್ತಕದಲ್ಲೂ ಸಿಗೋಲ್ಲ, ಜನರ ಜೊತೆ ಕೂತರೆ ತಾನಾಗಿ ತಿಳಿಯುತ್ತೆ.

ಮರಾಠಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಎರಡು ಪುಟ್ಟ ಪದ. ನಮ್ಮ "ನಾವು" ಅನ್ನೋದಕ್ಕೆ ಅವರಲ್ಲಿ "ಆಮ್ಹಿ" ಮತ್ತು "ಆಪಣ" ಅಂತ ಎರಡಿದೆ. ಆಮ್ಹಿ ಅಂದ್ರೆ ಎದುರಿಗಿರುವವನನ್ನ ಬಿಟ್ಟು ನಾವು. ಆಪಣ ಅಂದ್ರೆ ಅವನನ್ನೂ ಸೇರಿಸಿಕೊಂಡು ನಾವು. ತಮಿಳು, ತೆಲುಗಿನಲ್ಲೂ ಈ ಭೇದ ಇದೆ, ನಮ್ಮ ಇವತ್ತಿನ ಕನ್ನಡದಲ್ಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ವಿಷಯ ಬಂದಾಗ ಪಕ್ಕದವರು ನಿಮ್ಮ ಕಡೆ ತಿರುಗಿ "ಆಪಣ" ಅಂದರೆ, ನೀವು ಆ ಕಟ್ಟಡದವರಾದಿರಿ ಅಂತ. ಹಿಂದಿಯ "ಹಮ್"ನಲ್ಲಿ ಆ ಬಾಗಿಲು ಕಾಣಿಸೋದೇ ಇಲ್ಲ.

ಮರಾಠಿ ಬಂದ್ರೆ ಮನೆಯ ಕನ್ನಡ ಹೋಗಲ್ವಾ ಅಂತ ಕೇಳೋರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ನಾನು ಕಂಡ ಮಟ್ಟಿಗೆ ಮಕ್ಕಳ ಕನ್ನಡ ಕೆಡಿಸಿದ್ದು ಗಲ್ಲಿಯ ಮರಾಠಿ ಅಲ್ಲ, ಅಪ್ಪ ಅಮ್ಮ ಮನೆಯೊಳಗೆ ತಂದಿಟ್ಟ ಇಂಗ್ಲಿಷು. ಇನ್ನು ಕೆಲವರು ಕವಿರಾಜಮಾರ್ಗ ತೆಗೀತಾರೆ. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಅಂತ 9ನೇ ಶತಮಾನದಲ್ಲೇ ಬರೆದಿದೆ, ಎಲ್ಲೋರದ ಕೈಲಾಸ ಕೆತ್ತಿಸಿದ್ದು ರಾಷ್ಟ್ರಕೂಟರ ಕೃಷ್ಣ, ಇದೆಲ್ಲ ನಮ್ಮದೇ ಅಂತ. ನಿಜ, ಗೋದಾವರಿ ಹುಟ್ಟೋದೂ ಇಲ್ಲೇ ತ್ರ್ಯಂಬಕದಲ್ಲಿ. ಹೆಮ್ಮೆ ಇರಲಿ. ಆದರೆ ಆ ಹೆಮ್ಮೆಯಿಂದ ಪಕ್ಕದ ಮನೆ ಆಜಿಯ ಜೊತೆ ಎರಡು ಮಾತು ಆಡೋಕಾಗಲ್ಲ.

2025ರ ಫೆಬ್ರವರಿ ನೆನಪಿರಬೇಕು. ಬೆಳಗಾವಿ ಹತ್ತಿರ ಮರಾಠಿ ಮಾತಾಡಲಿಲ್ಲ ಅಂತ ಬಸ್ ಕಂಡಕ್ಟರ್ ಮೇಲೆ ಹಲ್ಲೆ, ಆಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕನ ಮುಖಕ್ಕೆ ಮಸಿ, ಆಮೇಲೆ ಬಸ್ಸುಗಳೇ ಬಂದ್. ಹೊಡೆದು ಕಲಿಸಿದ ಭಾಷೆಯಲ್ಲಿ ಯಾರೂ "ಆಪಣ" ಅನ್ನೋಲ್ಲ. ಅದಕ್ಕೇ, ಯಾರೂ ಒತ್ತಾಯ ಮಾಡದಿರುವಾಗಲೇ ಕಲಿಯೋದು ಮರ್ಯಾದೆ ಅಂತೀನಿ ನಾನು. ನಾಳೆ ಬೆಳಿಗ್ಗೆ ಸೊಪ್ಪಿನವರನ್ನ "ಮಾವಶಿ" ಅಂತ ಕರೆದು ಶುರು ಮಾಡಿ. ತಪ್ಪಾದರೆ ಅವರೇ ತಿದ್ದುತ್ತಾರೆ, ನಗುತ್ತಾರೆ, ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೂ ಹಾಕಿಯಾರು. ಏನಂತೀರಿ?