ಕಡಿದರೆ ಕೂಡದ ಎಳೆ

ಕೈಲಾಂಚದ ಸುತ್ತಿನ ಹಳ್ಳಿಗಳ ಮಕ್ಕಳಿಗೆ ರೇಷ್ಮೆಗೂಡು ಹೊಸದಲ್ಲ. ನೂಲು ಬಿಚ್ಚುವಾಗ ಎಳೆ ಕಡಿದರೆ ರೀಲರು ತುದಿ ಹುಡುಕಿ ಸೇರಿಸುತ್ತಾರೆ, ಕೆಲಸ ಸಾಗುತ್ತದೆ. ಕಣ್ಣಿನ ಹಿಂದೆಯೂ ಸುಮಾರು 10 ಲಕ್ಷ ಎಳೆಗಳ ಕಟ್ಟೊಂದಿದೆ. ಅದೇ ದೃಷ್ಟಿನರ. ಅಲ್ಲಿ ಕಡಿದದ್ದನ್ನು ಸೇರಿಸುವ ವಿದ್ಯೆ ಮಾತ್ರ ವೈದ್ಯರಿಗೆ ಇನ್ನೂ ಒಲಿದಿಲ್ಲ.

ಈ ಒಂದೊಂದು ಎಳೆಯೂ ಅಕ್ಷಿಪಟಲದ ಒಂದೊಂದು ನರಕೋಶದಿಂದ ಹೊರಟು ಮಿದುಳನ್ನು ಸೇರುತ್ತದೆ. ಬೈಕಿನಿಂದ ಬಿದ್ದು ಹುಬ್ಬಿಗೆ ಬಲವಾದ ಪೆಟ್ಟಾದರೆ, ಕಣ್ಣು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದರೂ ಒಳಗೆ ಈ ನರ ಜಖಂಗೊಂಡಿರಬಹುದು. ಆಗ ನರಕೋಶ ಕೂಡಲೇ ಸಾಯುವುದಿಲ್ಲ. ಮಿದುಳಿನ ಕಡೆಯಿಂದ ಎಳೆಯ ಮೂಲಕ ಬರುತ್ತಿದ್ದ ಪೋಷಕ ಪ್ರೋಟೀನುಗಳು ನಿಲ್ಲುತ್ತವೆ. ಅಪಾಯದ ಸುದ್ದಿ ಮುಟ್ಟುತ್ತದೆ. ಕೊನೆಗೆ ಕೋಶ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಪ್ರಯೋಗದ ಇಲಿಗಳಲ್ಲಿ ಸುಮಾರು ಎರಡು ವಾರಗಳಲ್ಲಿ ಬಹುಪಾಲು ಕೋಶಗಳು ಹೀಗೆ ಸಾಯುತ್ತವೆ. ಈ ಅಲ್ಪ ಬಿಡುವಿನಲ್ಲೇ ಅವನ್ನು ಉಳಿಸಬೇಕೆಂಬುದು ವಿಜ್ಞಾನಿಗಳ ಹಂಬಲ.

1980ರ ದಶಕದಲ್ಲಿ ಕೆನಡಾದ ಆಲ್ಬರ್ಟ್ ಅಗುವಾಯೊ ಅವರ ತಂಡ ಇಲಿಯ ಕಾಲಿನ ನರದ ತುಂಡನ್ನು ಕಸಿ ಮಾಡಿತು. ಕಡಿದ ದೃಷ್ಟಿನರದ ಕೆಲವು ಎಳೆಗಳು ಅದರೊಳಗೆ ಮತ್ತೆ ಬೆಳೆದವು. ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಕಣ್ಣಿಗೆ ಚುಚ್ಚಿದಾಗ ಕೋಶಗಳ ಸಾವು ಕೆಲಕಾಲ ಮುಂದೆ ಹೋಯಿತು. ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗುವುದಿಲ್ಲ. ದೃಷ್ಟಿನರವನ್ನು ನಿಧಾನವಾಗಿ ಸವೆಸುವ ಗ್ಲಾಕೋಮಾ ಕಾಯಿಲೆಗೆ ಮೆಮಾಂಟಿನ್ ಎಂಬ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅದು ಫಲಿಸಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಪೆಟ್ಟಿನಿಂದ ಹಾಳಾದ ನರಕ್ಕೂ ಖಚಿತವಾದ ಔಷಧವಿಲ್ಲ.

ಹಾಗಾದರೆ ಕಣ್ಣನ್ನೇ ಬದಲಿಸಬಾರದೇ? 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದಿಂದ ನಾಲ್ವರಿಗೆ ಬೆಳಕು ಬಂತಲ್ಲವೇ? ಬಂದದ್ದು ನಿಜ. ಆದರೆ ಅಲ್ಲಿ ಕಸಿಯಾದದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ. ದೃಷ್ಟಿನರವನ್ನು ಹಾಗೆ ಕಸಿ ಮಾಡಲು ಬರುವುದಿಲ್ಲ.

ಆದ್ದರಿಂದ ಇರುವುದನ್ನು ಕಾಯುವುದೇ ಇಂದಿನ ಚಿಕಿತ್ಸೆ. ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಇಳಿಸಿದರೆ ಉಳಿದ ಕೋಶಗಳು ಹೆಚ್ಚು ಕಾಲ ಬಾಳುತ್ತವೆ. ನೋವಿಲ್ಲವೆಂದು ಹನಿಮದ್ದು ನಿಲ್ಲಿಸಬಾರದು. ಮನೆಯಲ್ಲಿ ಹಿರಿಯರಿಗೆ ಈ ಕಾಯಿಲೆಯಿದ್ದರೆ ಉಳಿದವರೂ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬೈಕಿನಲ್ಲಿ ಹಿಂದೆ ಕೂರುವ ಮಕ್ಕಳಿಗೂ ಹೆಲ್ಮೆಟ್ ಬೇಕು. ಹುಬ್ಬಿಗೆ ಪೆಟ್ಟಾದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿಸಬೇಕು. ಒಂದರಲ್ಲಿ ಮಬ್ಬೆನಿಸಿದರೆ ಅಥವಾ ಬಣ್ಣ ಮಾಸಿದಂತೆ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.