ಬಂಪರಿನ ಅಂದವೋ, ಬಡವನ ಜೀವವೋ?

ನಮ್ಮ ನಾಡಿನ ಧನಿಕ ಮಹಾಶಯರಿಗೆ ಒಂದು ದೊಡ್ಡ ಸಂಕಟ ಒದಗಿದೆ. ಅಕ್ಕಿಯ ಬೆಲೆ ಏರಿತೆಂಬ ಸಂಕಟವಲ್ಲ, ಮನೆಬಾಡಿಗೆಯ ಸಂಕಟವಲ್ಲ, ಮಗನಿಗೆ ಕೆಲಸ ಸಿಗಲಿಲ್ಲವೆಂಬ ಸಂಕಟವೂ ಅಲ್ಲ. ಕೋಟಿ ರೂಪಾಯಿ ಸುರಿದು ತಂದ ಸ್ಪೋರ್ಟ್ಸ್ ಕಾರಿನ ಮೂತಿಗೆ ನಂಬರು ಪ್ಲೇಟು ಹಾಕಿಸುವುದು ಹೇಗೆ ಎಂಬ ಸಂಕಟ! ತೂತು ಕೊರೆದರೆ ಬಂಪರು ಹಾಳು. ಅಂಟಿಸಿದರೆ ಬಣ್ಣ ಹಾಳು. ಹೇಗೆ ಹಾಕಿದರೂ ಅಂದ ಹಾಳು. ಆದಕಾರಣ ಮುಂದಿನ ಪ್ಲೇಟೇ ಬೇಡವೆಂದು ಕೆಲವರು ತೀರ್ಮಾನಿಸಿಬಿಟ್ಟಿದ್ದಾರೆ. ಪ್ಲೇಟು ಡಿಕ್ಕಿಯೊಳಗೆ ಮಲಗಿರುತ್ತದೆ. ಕಾರು ರಸ್ತೆಯ ಮೇಲೆ ಹಾರುತ್ತಿರುತ್ತದೆ.

ಇದು ನಮಗೆ ಸಂಬಂಧಿಸದ ಮಾತೆಂದು ಕಾರ್ಮಿಕ ಬಂಧುಗಳಾಗಲಿ, ಅಂಗಡಿಕಾರ ಮಿತ್ರರಾಗಲಿ ತಳ್ಳಿಹಾಕಬಾರದು. ಗಿರಣಿಯ ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಮರಳುವವನಿಗೂ, ಬೆಳಗಿನ ಜಾವ ಸೊಪ್ಪಿನ ಗಾಡಿ ತಳ್ಳಿಕೊಂಡು ಹೆದ್ದಾರಿ ದಾಟುವವಳಿಗೂ ಈ ತಗಡಿನ ತುಂಡು ಜೀವದ ಪ್ರಶ್ನೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಧನಿಕರ ಅಹವಾಲನ್ನೇ ನ್ಯಾಯವಾಗಿ ವಿಚಾರಿಸೋಣ.

ಅವರ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಹಳೆಯ ಅಂಬಾಸಡರ್ ಕಾರಿನ ಬಂಪರು ಉಕ್ಕಿನದು. ಈಗಿನ ಸ್ಪೋರ್ಟ್ಸ್ ಕಾರಿನ ಬಂಪರು ತೆಳು ಪ್ಲಾಸ್ಟಿಕ್ಕಿನ ಹೊದಿಕೆ. ಹೆಚ್ಚು ಬೆಲೆಯದಾದರೆ ಕಾರ್ಬನ್ ನಾರಿನದು. ಮೂತಿ ಬಾಗಿರುತ್ತದೆ; 500 ಮಿಲಿಮೀಟರ್ ಉದ್ದದ ಚಪ್ಪಟೆ ಪ್ಲೇಟು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ನಡುವೆ ರೇಡಿಯೇಟರಿಗೆ ಗಾಳಿ ಹೋಗುವ ಬಾಯಿ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಎದುರಿನ ವಾಹನದ ದೂರ ಅಳೆಯುವ ರೇಡಾರ್ ಕೂಡ ಅಲ್ಲಿಯೇ ಇರುತ್ತದೆ. ಅದನ್ನು ಪ್ಲೇಟಿನಿಂದ ಮುಚ್ಚಕೂಡದು. ಕಣ್ಣಳತೆಯ ಮೇಲೆ ಡ್ರಿಲ್ ಹಿಡಿದು ತೂತು ಹೊಡೆದರೆ ಬಣ್ಣ ಸಿಡಿಯುತ್ತದೆ, ಹೊದಿಕೆ ಸೀಳುತ್ತದೆ. ಇಷ್ಟನ್ನು ನಾವು ಒಪ್ಪುತ್ತೇವೆ.

ಆದರೆ ಇದಕ್ಕೆ ದಾರಿಯೇ ಇಲ್ಲವೇ? ಒಂದಲ್ಲ, ನಾಲ್ಕು ದಾರಿಗಳಿವೆ.

ಮೊದಲನೆಯದು, ಕಾರು ತಯಾರಿಸಿದ ಕಂಪನಿಯೇ ಒದಗಿಸುವ ಚೌಕಟ್ಟು. ಅದು ಆ ಮೂತಿಯ ಬಾಗಿಗೆ ತಕ್ಕಂತೆ ಅಚ್ಚು ಹಾಕಿದ್ದು. ಸ್ಕ್ರೂ ಎಲ್ಲಿ ಕೂರಬೇಕೆಂಬ ಗುರುತನ್ನು ಎಷ್ಟೋ ಬಂಪರುಗಳಲ್ಲಿ ಕಾರ್ಖಾನೆಯಲ್ಲಿಯೇ ಮಾಡಿರುತ್ತಾರೆ. ಎರಡನೆಯದು, ಎಳೆಯುವ ಕೊಂಡಿಯ ಜಾಗ. ಕೆಟ್ಟು ನಿಂತ ಕಾರನ್ನು ಎಳೆದೊಯ್ಯಲು ಬಂಪರಿನ ಒಂದು ಮಗ್ಗುಲಲ್ಲಿ ಸಣ್ಣ ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಒಳಗಿನ ಗಟ್ಟಿ ಲೋಹದ ತೊಲೆಯಲ್ಲಿ ಥ್ರೆಡ್ಡಿನ ಕುಳಿ ಕಾಣುತ್ತದೆ. ಅದಕ್ಕೆ ಸರಳು ತಿರುಗಿಸಿ, ಸರಳಿಗೆ ಚೌಕಟ್ಟು ಬಿಗಿದರೆ ಬಂಪರಿಗೆ ಒಂದು ಗೀರೂ ಬೀಳುವುದಿಲ್ಲ. ಕೆಲವು ಕಾರುಗಳಲ್ಲಿ ಈ ಥ್ರೆಡ್ಡು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಅದನ್ನು ನೋಡಿಕೊಂಡು ಕೈ ಹಾಕಬೇಕು, ಅಷ್ಟೆ. ಮೂರನೆಯದು, ಗಾಳಿಯ ಬಾಯಿಗೆ ಹಾಕಿದ ಜಾಲರಿಗೆ ಹಿಂದೊಂದು ಮುಂದೊಂದು ಪಟ್ಟಿ ಇಟ್ಟು ಹಿಡಿಸುವ ಕ್ಲಾಂಪು; ಇದಕ್ಕೆ ಜಾಲರಿ ಗಟ್ಟಿಯಾಗಿರಬೇಕು, ಗಾಳಿ ಕಟ್ಟಬಾರದು. ನಾಲ್ಕನೆಯದು, ಎರಡೂ ಮೈಗೆ ಅಂಟುವ ಗಟ್ಟಿ ಟೇಪು. ಮೊದಲು ಬಣ್ಣದ ಮೇಲೆ ರಕ್ಷಣೆಯ ಪಾರದರ್ಶಕ ಹಾಳೆ ಹಾಕಬೇಕು, ಎಣ್ಣೆ ಧೂಳು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಬೇಕು, ಒತ್ತಿ ಹಿಡಿಸಿ ಒಂದು ದಿನ ನೀರು ತಾಗಿಸದೆ ಬಿಡಬೇಕು. ಅಂಟಿಸುವುದು ಚೌಕಟ್ಟನ್ನು, ಪ್ಲೇಟು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತದೆ.

ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಕಾರಿನ ಬೆಲೆಯ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬಾರದು. ನಮ್ಮ ಪೇಟೆಬೀದಿಯ ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ ಊಟದ ಹೊತ್ತಿನೊಳಗೆ ಮುಗಿಸಿಕೊಡುತ್ತಾನೆ. ಹಾಗಿದ್ದರೆ ತೊಂದರೆ ಬಂಪರಿನದೇ? ಅಲ್ಲ ಮಹಾಶಯರೇ, ಅಲ್ಲ. ಕೊರತೆ ಇರುವುದು ಮನಸ್ಸಿನಲ್ಲಿ!

ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ. 1893ರ ಆಗಸ್ಟ್ 14ರಂದು ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿಗಳು ಒಂದು ಆಜ್ಞೆ ಹೊರಡಿಸಿದರು. ಪ್ರತಿಯೊಂದು ಮೋಟಾರು ಗಾಡಿಯ ಮೇಲೂ ಒಡೆಯನ ಹೆಸರು, ವಿಳಾಸ ಮತ್ತು ನಂಬರು ಬರೆದ ಲೋಹದ ತಗಡು ಇರಬೇಕು. ಅದನ್ನು ಎಂದೂ ಮರೆಮಾಡಕೂಡದು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆ 1904ರ ಜನವರಿ 1ರಿಂದ ಇದನ್ನೇ ಜಾರಿಗೆ ತಂದಿತು. ಆಗ ಮೋಟಾರು ಇದ್ದುದು ಸಿರಿವಂತರ ಬಳಿ ಮಾತ್ರ. ಆದ್ದರಿಂದ ನಂಬರು ಪ್ಲೇಟು ಹುಟ್ಟಿದ್ದು ಸ್ಕೂಟರಿನವನನ್ನು ಹಿಡಿಯಲಿಕ್ಕಲ್ಲ; ರಸ್ತೆ ಎಲ್ಲರದು, ವೇಗವಾಗಿ ಹೋಗುವವನು ನಡೆಯುವವನಿಗೆ ತನ್ನ ಗುರುತು ಹೇಳಲೇಬೇಕು ಎಂಬ ತತ್ತ್ವದಿಂದ.

ಆ ತತ್ತ್ವದಿಂದ ನುಣುಚಿಕೊಳ್ಳುವ ಚಾಳಿಯೂ ಅಷ್ಟೇ ಹಳೆಯದು. ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಬೆಳ್ಳಿ ಬಣ್ಣದ ಮರ್ಸಿಡಿಸ್ ಕಾರನ್ನು ವರ್ಷಗಟ್ಟಲೆ ಪ್ಲೇಟಿಲ್ಲದೆ ಓಡಿಸಿದರು. ಹೊಸ ಕಾರಿಗೆ ಪ್ಲೇಟು ಹಾಕಿಸಲು ಅಲ್ಲಿನ ಕಾನೂನು ಆಗ ಆರು ತಿಂಗಳವರೆಗೆ ಅವಕಾಶ ಕೊಡುತ್ತಿತ್ತು. ಆ ಸಂದು ಮುಚ್ಚಿದ್ದು 2019ರ ಜನವರಿ 1ರಂದು. ಅಂದಿನಿಂದ ಹೊಸ ಕಾರು ಅಂಗಡಿ ಬಿಡುವಾಗಲೇ ತಾತ್ಕಾಲಿಕ ಪ್ಲೇಟು ಹೊತ್ತು ಬರಬೇಕು. ಕಾಸುಳ್ಳವನು ಹುಡುಕುವುದು ಕಾನೂನಿನ ಸಂದನ್ನು. ಬಡವನಿಗೆ ಸಿಗುವುದು ಕಾನೂನಿನ ಬಾರುಕೋಲು.

ನಮ್ಮ ಕರ್ನಾಟಕದಲ್ಲಿ ಏನಾಯಿತು? 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಎಲ್ಲ ವಾಹನಗಳೂ ಅತಿ ಸುರಕ್ಷಿತ ಪ್ಲೇಟು ಹಾಕಿಸಬೇಕೆಂದು 2023ರ ಆಗಸ್ಟಿನಲ್ಲಿ ಅಧಿಸೂಚನೆ ಬಂತು. ಮೊದಲ ಗಡುವು ನವೆಂಬರ್ 17. ಆಮೇಲೆ ಅದು ಹಲವು ಸಲ ಮುಂದಕ್ಕೆ ಹೋಯಿತು. ಸುಮಾರು ಎರಡು ಕೋಟಿ ವಾಹನಗಳ ಮಾತು ಇದು. ಬಹುಪಾಲು ಯಾರವು? ಹಾಲು ಹಾಕುವವನ ಮೊಪೆಡ್ಡು, ಕಿರಾಣಿ ಅಂಗಡಿಯವನ ಸ್ಕೂಟರು, ಗಿರಣಿ ಕಾರ್ಮಿಕನ ಕಂತಿನ ಬೈಕು. ಮಕ್ಕಳ ಮೊಬೈಲಿನಲ್ಲಿ ಹೆಸರು ಬರೆಸಿ, ಮುಂಗಡ ದುಡ್ಡು ಕಟ್ಟಿ, ಅರ್ಧ ದಿನದ ಕೂಲಿ ಬಿಟ್ಟು ಷೋರೂಮಿನ ಬಾಗಿಲಲ್ಲಿ ಕಾದವರು ಇವರು. ಹಿಂದಿನ ಪ್ಲೇಟನ್ನು ಒಮ್ಮೆ ಹಾಕಿದರೆ ಬಿಚ್ಚಲಾಗದ ಬೀಗದಿಂದ ಬಿಗಿದು ಕಳಿಸಿದರು. ‘ನನ್ನ ಸ್ಕೂಟರಿನ ಅಂದ ಕೆಡುತ್ತದೆ ಸ್ವಾಮಿ’ ಎಂದು ಇವರಲ್ಲಿ ಯಾರಾದರೂ ಹೇಳಿದ್ದರೆ ಇಲಾಖೆ ಕೇಳುತ್ತಿತ್ತೇ?

ಈಗ ಜೀವದ ಲೆಕ್ಕಕ್ಕೆ ಬರೋಣ. ಇದನ್ನು ಪ್ರತಿಯೊಬ್ಬ ದುಡಿಯುವವನೂ ತಿಳಿದಿರಬೇಕು. ಕಾರು ಗುದ್ದಿ ಓಡಿಹೋಯಿತು, ಎಷ್ಟು ಹುಡುಕಿದರೂ ಯಾವ ಕಾರೆಂದು ತಿಳಿಯಲಿಲ್ಲ ಎನ್ನಿ. ಆಗ ಮೋಟಾರು ವಾಹನ ಕಾಯಿದೆಯ 161ನೆಯ ಕಲಮಿನಂತೆ ಸತ್ತವನ ಮನೆಯವರಿಗೆ ಸಿಗುವುದು 2 ಲಕ್ಷ ರೂಪಾಯಿ. ತೀವ್ರ ಗಾಯವಾದವನಿಗೆ 50 ಸಾವಿರ. ಅದೂ 2022ರ ಏಪ್ರಿಲ್ 1ರಿಂದ. ಅದಕ್ಕೆ ಮೊದಲು 25 ಸಾವಿರ ಮತ್ತು 12,500 ಇತ್ತು. ಕಾರಿನ ನಂಬರು ಗೊತ್ತಾದರೆ? ಆಗ ಅಪಘಾತ ಪರಿಹಾರ ನ್ಯಾಯಮಂಡಲಿಗೆ ಹೋಗಬಹುದು. ತಿಂಗಳಿಗೆ 15 ಸಾವಿರ ದುಡಿಯುವ, 35 ವರ್ಷದ, ನಾಲ್ಕು ಜನರನ್ನು ಸಾಕುವ ಕಾರ್ಮಿಕನ ಲೆಕ್ಕ ಹಾಕಿ. ವರ್ಷಕ್ಕೆ 1 ಲಕ್ಷ 80 ಸಾವಿರ. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1 ಲಕ್ಷ 35 ಸಾವಿರ. ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದಂತೆ ಆ ವಯಸ್ಸಿಗೆ 16ರಿಂದ ಗುಣಿಸಬೇಕು. 21 ಲಕ್ಷ 60 ಸಾವಿರ ಆಯಿತು! ಮುಂದೆ ಏರಬಹುದಾಗಿದ್ದ ಗಳಿಕೆಯನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ಎರಡು ಲಕ್ಷಕ್ಕೂ ಇಪ್ಪತ್ತೊಂದು ಲಕ್ಷಕ್ಕೂ ನಡುವೆ ನಿಂತಿರುವುದು ಏನು? ಆ ಒಂದು ತಗಡು. ಸಿರಿವಂತ ತನ್ನ ಬಂಪರಿನ ಅಂದಕ್ಕಾಗಿ ಪ್ಲೇಟು ಕಿತ್ತಿಟ್ಟರೆ, ಅವನು ಕಿತ್ತಿಟ್ಟದ್ದು ಒಬ್ಬ ವಿಧವೆಯ ಅನ್ನವನ್ನು, ಮಕ್ಕಳ ಶಾಲೆಯನ್ನು.

2024ರ ಮೇ 19ರ ಬೆಳಗಿನ ಜಾವ ಪುಣೆಯ ಕಲ್ಯಾಣಿ ನಗರದಲ್ಲಿ ಒಂದು ಪೋರ್ಷೆ ಟೈಕಾನ್ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಕಾರಿನಲ್ಲಿ ನಂಬರು ಪ್ಲೇಟು ಇರಲಿಲ್ಲ. ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯ ಮೇಲೆ ಹೋದ ಕಾರು ಅದು. 1,758 ರೂಪಾಯಿ ಶುಲ್ಕ ಕಟ್ಟದ ಕಾರಣ ಖಾಯಂ ನೋಂದಣಿ ಮಾರ್ಚಿನಿಂದ ಬಾಕಿಯಿತ್ತೆಂದು ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳೇ ಹೇಳಿದರು. ಕೋಟಿ ಮೀರಿದ ಕಾರಿಗೆ 1,758 ರೂಪಾಯಿ! ಅಲ್ಲಿ ಜನ ಸೇರಿ ತಡೆದು ಹಿಡಿದರು. ಪ್ರಕರಣ ಬೆಳಕಿಗೆ ಬಂತು. ಜನವಿಲ್ಲದ ಹೆದ್ದಾರಿಯಾಗಿದ್ದರೆ? ಬಣ್ಣ ಕೆಂಪೋ ಕಪ್ಪೋ ಎಂದು ಹೇಳುವುದನ್ನು ಬಿಟ್ಟು ಸಾಕ್ಷಿಗಾರನಿಗೆ ಬೇರೇನು ಉಳಿಯುತ್ತಿತ್ತು?

‘ಹಿಂದೆ ಒಂದು ಪ್ಲೇಟಿದೆಯಲ್ಲ, ಅಷ್ಟು ಸಾಲದೇ? ಅಮೆರಿಕದ ಫ್ಲಾರಿಡಾದಲ್ಲಿ ಮುಂದಿನ ಪ್ಲೇಟು ಬೇಡ, ಓಹಾಯೋದಲ್ಲಿ 2020ರ ಜುಲೈಯಿಂದ ಬೇಡ’ ಎಂದು ವಾದಿಸುವವರಿದ್ದಾರೆ. ಅದು ಅಲ್ಲಿನ ಕಾನೂನು. ನಮ್ಮ ಕಾನೂನು ಎರಡೂ ಕಡೆ ಇರಬೇಕೆನ್ನುತ್ತದೆ, ಮತ್ತು ಸರಿಯಾಗಿಯೇ ಹೇಳುತ್ತದೆ. ಎದುರಿನಿಂದ ಬರುವ ಕಾರಿನ ಮುಖ ಮೊದಲು ಕಾಣುತ್ತದೆ. ಬೆನ್ನು ಕಾಣುವಷ್ಟರಲ್ಲಿ ಅದು ಕತ್ತಲು ಸೇರಿರುತ್ತದೆ. ಗುದ್ದಿದ ರಭಸಕ್ಕೆ ಮುಂದಿನ ಪ್ಲೇಟು ಕಳಚಿ ಸ್ಥಳದಲ್ಲೇ ಬಿದ್ದು ಪತ್ತೆಗೆ ದಾರಿಯಾದದ್ದೂ ಉಂಟು.

ಗುರುತು ಕಂಡರೆ ಸರಕಾರದ ಬೊಕ್ಕಸಕ್ಕೂ ಲಾಭವುಂಟು. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿ ಕಾರಿನಿಂದ ಸಾರಿಗೆ ಇಲಾಖೆ ಸುಮಾರು 1 ಕೋಟಿ 41 ಲಕ್ಷ ರೂಪಾಯಿ ವಸೂಲು ಮಾಡಿತು. ಸ್ಕೂಟರು ಕೊಳ್ಳುವ ದಿನವೇ ತೆರಿಗೆ ಕಟ್ಟಿ ಬರುವ ಅಂಗಡಿಕಾರ ಮಿತ್ರರು ಈ ಅಂಕಿಯನ್ನು ನೆನಪಿನಲ್ಲಿಡಲಿ.

ನಮ್ಮವರಿಗೂ ಒಂದು ಮಾತು ಹೇಳದೆ ಬಿಡುವುದಿಲ್ಲ. ಬೈಕಿನ ಪ್ಲೇಟನ್ನು ಮೇಲಕ್ಕೆ ಮಡಚುವ, ಅಂಕಿಗೆ ಮಣ್ಣು ಮೆತ್ತುವ ಹುಡುಗರು ನಮ್ಮ ಕೇರಿಯಲ್ಲೂ ಇದ್ದಾರೆ. ಅವರು ಮಾಡುವುದೂ ಅದೇ ಕೆಲಸ. ತಮ್ಮಂದಿರೇ, ನಾಳೆ ಗುದ್ದಿಸಿಕೊಂಡು ಬೀಳುವವನು ನಿಮ್ಮ ಅಪ್ಪನೇ ಆಗಿರಬಹುದು. ಪ್ಲೇಟು ನೆಟ್ಟಗೆ ಮಾಡಿರಿ. ಆಗ ಧನಿಕನನ್ನು ಕೇಳುವ ಬಾಯಿ ನಮಗಿರುತ್ತದೆ.

ನಮ್ಮ ಬೇಡಿಕೆ ಹೊಸ ಕಾನೂನಲ್ಲ. ಇರುವ ಕಾನೂನು ಎಲ್ಲರಿಗೂ ಒಂದೇ ಆಗಲಿ ಎಂಬುದು. ಕಾಯಿದೆಯ 39ನೆಯ ಕಲಮಿನಂತೆ ನೋಂದಣಿಯಿಲ್ಲದೆ, ನಂಬರು ತೋರಿಸದೆ ಯಾವ ವಾಹನವೂ ರಸ್ತೆಗೆ ಇಳಿಯಕೂಡದು. ಹಾಗಿದ್ದರೆ ಮುಂದೆ ಹಿಂದೆ ಎರಡೂ ಪ್ಲೇಟು ಬಿಗಿಯದ ಹೊರತು ಷೋರೂಮಿನ ಬಾಗಿಲಿನಿಂದ ಕಾರು ಹೊರಗೆ ಬಾರದಿರಲಿ. ಚೌಕಟ್ಟು ಕೂರಿಸುವ ಕೆಲಸ ಮಾರಿದವನದೇ ಆಗಲಿ. ಚೌಕದಲ್ಲಿ ಸ್ಕೂಟರು ತಡೆಯುವ ಕೈ ಫೆರಾರಿಯನ್ನೂ ತಡೆಯಲಿ. ದಂಡ ಬರೆದು ಬಿಡುವುದಲ್ಲ, ಪ್ಲೇಟು ಹಾಕುವವರೆಗೆ ಕಾರನ್ನು ಅಲ್ಲಿಯೇ ನಿಲ್ಲಿಸಲಿ.

ಬಂಪರಿಗೆ ಗೀರು ಬಿದ್ದರೆ ಬಣ್ಣ ಬಳಿಯಬಹುದು. ರಸ್ತೆಯಲ್ಲಿ ಬಿದ್ದವನ ಮನೆಗೆ ಯಾವ ಬಣ್ಣ ಬಳಿಯುತ್ತೀರಿ? ಉತ್ತರ ಹೇಳಿ, ಮಹಾಶಯರೇ!