ಸ್ನಾನದ ನೀರು, ಶಾಖದ ಪಂಪು

ಸಂಸಾರದ ಖರ್ಚುವೆಚ್ಚಗಳನ್ನು ಬರೆದಿಡುವ ಗೃಹಿಣಿಯ ಪುಸ್ತಕದಲ್ಲಿ ಅಕ್ಕಿಗೆ ಒಂದು ಸಾಲು ಉಂಟು, ಹಾಲಿಗೆ ಒಂದು ಸಾಲು ಉಂಟು, ಮಕ್ಕಳ ಶಾಲೆಯ ಶುಲ್ಕಕ್ಕೂ ಒಂದು ಸಾಲು ಉಂಟು. ಸ್ನಾನದ ಬಿಸಿನೀರಿಗೆ ಮಾತ್ರ ಇಲ್ಲ. ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಯುತ್ತಿದ್ದ ಕಾಲದಲ್ಲಿ, ಹಿತ್ತಿಲಿನ ಒಟ್ಟು ಕರಗುತ್ತ ಬಂದುದು ಮನೆಯವರೆಲ್ಲರ ಕಣ್ಣಿಗೂ ಬೀಳುತ್ತಿತ್ತು. ಈಗ ಆ ಸೌದೆ ವಿದ್ಯುತ್ ಬಿಲ್ಲಿನೊಳಗೆ ಅಡಗಿ ಕುಳಿತಿದೆ. ಎಷ್ಟು ಉರಿಯಿತೆಂಬುದು ಯಾರಿಗೂ ತಿಳಿಯದು.

ಲೆಕ್ಕ ತಿಳಿಯದವರಿಗೆ ಸರಕನ್ನು ಮಾರುವುದು ಸುಲಭ. ಇತ್ತೀಚಿನ ವರ್ಷಗಳಲ್ಲಿ ‘ಹೀಟ್ ಪಂಪ್’ ಎಂಬ ಸಾಧನವೊಂದು ನಮ್ಮ ಅಂಗಡಿಗಳಿಗೆ ಬಂದಿದೆ. ಶಾಖದ ಪಂಪು ಎಂದು ಕರೆಯೋಣ. ದೊಡ್ಡ ತೊಟ್ಟಿಯೊಡನೆ ಕೊಂಡರೆ ಒಂದು ಲಕ್ಷ ರೂಪಾಯಿಯ ಆಚೀಚೆ ಬೆಲೆ. ಗೀಸರಿನ ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಅಷ್ಟೇ ನೀರು ಕಾಯಿಸುತ್ತದೆಂದು ಮಾರುವವರು ಹೇಳುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಆದರೆ ಆ ನಿಜದಿಂದ ನಿಮ್ಮ ಮನೆಗೆ ಲಾಭವುಂಟೇ ಎಂಬುದು ಬೇರೆ ಪ್ರಶ್ನೆ. ಈ ವಾರ ಅದನ್ನೇ ವಿಚಾರಿಸೋಣ.

ನೆರಳಿನ ತೊಂದರೆ

ಕುಮಾರಸ್ವಾಮಿ ಲೇಔಟಿನ ಮನೆಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬೆಂಗಳೂರಿನ ಇತರ ಬಡಾವಣೆಗಳಂತೆ ಇಲ್ಲಿಯೂ ತಾರಸಿಯ ಮೇಲೆ ಸೌರ ಜಲತಾಪಕಗಳು ಸಾಲುಸಾಲಾಗಿ ಕಾಣುತ್ತವೆ. ಹೊಸ ಮನೆಗಳಿಗೆ ಅವನ್ನು ಕಡ್ಡಾಯ ಮಾಡಿ, ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೊಟ್ಟ ಮೇಲೆ ಈ ನಗರದಲ್ಲಿ ಅವು ಮನೆಮಾತಾದವು. ಬಿಸಿಲಿಗೆ ಬಿಲ್ಲಿಲ್ಲ. ಆದ್ದರಿಂದ ಬಿಸಿಲು ಚೆನ್ನಾಗಿ ಬೀಳುವ ತಾರಸಿಯುಳ್ಳವರು ಬೇರೆ ಯಾವ ಯಂತ್ರವನ್ನೂ ಅರಸಬೇಕಾಗಿಲ್ಲ. ಮೊದಲ ಸಲಹೆಯೇ ಇದು.

ತೊಂದರೆ ಬರುವುದು ನೆರೆಮನೆ ಬೆಳೆದಾಗ. ಮೂವತ್ತು-ನಲವತ್ತರ ನಿವೇಶನದಲ್ಲಿ ಒಂದಂತಸ್ತು ಕಟ್ಟಿದವರ ಮಕ್ಕಳು ಈಗ ಮೂರು, ನಾಲ್ಕು ಅಂತಸ್ತು ಏರಿಸಿದ್ದಾರೆ. ಡಿಸೆಂಬರಿನಲ್ಲಿ ನಮ್ಮ ಊರಿನ ಸೂರ್ಯನು ನಡುಹಗಲಿನಲ್ಲಿಯೂ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ನಿಮ್ಮ ತಾರಸಿಗಿಂತ 3 ಮೀಟರ್ ಎತ್ತರವಾಗಿರುವ ದಕ್ಷಿಣದ ಮನೆಯ ಗೋಡೆ ಆ ಹೊತ್ತಿನಲ್ಲಿ 2 ಮೀಟರಿಗೂ ಮಿಕ್ಕ ನೆರಳನ್ನು ಚೆಲ್ಲುತ್ತದೆ. ಬೆಳಿಗ್ಗೆ ಮತ್ತು ಸಂಜೆ ಅದು ಇನ್ನೂ ಉದ್ದ. ಚಳಿ ಹೆಚ್ಚಾದ ತಿಂಗಳಲ್ಲಿಯೇ ನೀರು ಕಾಯುವುದಿಲ್ಲ. ಇನ್ನು ದೀಪಾವಳಿ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವದಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನವಾಗಬೇಕು. ಹಿಂಗಾರಿನ ಮೋಡ ಎರಡು ದಿನ ಕವಿದಿದ್ದರೆ ತಾರಸಿಯ ತೊಟ್ಟಿಯಲ್ಲಿರುವುದು ತಣ್ಣೀರೇ.

ಹೀಗೆ ಬಿಸಿಲನ್ನು ಕಳೆದುಕೊಂಡ ಮನೆಯವರು ಮೂರು ದಾರಿಗಳನ್ನು ನೋಡುತ್ತಾರೆ. ಗೀಸರು, ಅನಿಲದ ಗೀಸರು, ಶಾಖದ ಪಂಪು. ಇವುಗಳಲ್ಲಿ ಅನಿಲದ ಗೀಸರಿನ ವಿಷಯವಾಗಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗಾಳಿಯಾಡದ ಬಚ್ಚಲುಮನೆಯಲ್ಲಿ ಅದನ್ನು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಅಲ್ಲಿಯೇ ಪ್ರಾಣ ಬಿಟ್ಟ ಪ್ರಸಂಗಗಳು ನಮ್ಮ ನಗರದಲ್ಲಿಯೇ ನಡೆದಿವೆ. ಅಂಥ ಗೀಸರು ಇರುವ ಮನೆಯಲ್ಲಿ ಅದು ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲಿರಬೇಕು.

ಯಂತ್ರದ ಮರ್ಮ

ಶಾಖದ ಪಂಪು ಹೊಸ ಪವಾಡವೇನೂ ಅಲ್ಲ. ನಿಮ್ಮ ಅಡುಗೆಮನೆಯ ಶೀತಕಪೆಟ್ಟಿಗೆಯ ಹಿಂಬದಿಗೋ ಪಕ್ಕಕ್ಕೋ ಕೈಯೊಡ್ಡಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ತರಕಾರಿ, ಹಾಲುಗಳಿಂದ ಹೀರಿದ ಶಾಖವನ್ನು ಅದು ಹೊರಗೆ ಚೆಲ್ಲುತ್ತಿದೆ. ಅದೇ ಯಂತ್ರವನ್ನು ತಿರುಗಿಸಿ ನಿಲ್ಲಿಸಿದರೆ ಶಾಖದ ಪಂಪಾಯಿತು. ಹೊರಗಿನ ಗಾಳಿಯ ಶಾಖವನ್ನು ಶೈತ್ಯದ್ರವವೊಂದು ಹೀರಿ ಆವಿಯಾಗುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತುತ್ತದೆ. ಒತ್ತಿದ ಆವಿ ಕಾಯುತ್ತದೆ. ಕಾದ ಆವಿ ತೊಟ್ಟಿಯ ನೀರಿಗೆ ಶಾಖವನ್ನು ಕೊಟ್ಟು ಮತ್ತೆ ದ್ರವವಾಗುತ್ತದೆ. ವಿದ್ಯುತ್ತು ಖರ್ಚಾಗುವುದು ಶಾಖವನ್ನು ಹುಟ್ಟಿಸುವುದಕ್ಕಲ್ಲ, ಹೊತ್ತು ತರುವುದಕ್ಕೆ. ಒಂದು ಯೂನಿಟ್ ಕೂಲಿ ಕೊಟ್ಟರೆ ಗಾಳಿಯಿಂದ ಸುಮಾರು ಎರಡು ಯೂನಿಟ್ ಶಾಖ ಬರುತ್ತದೆ. ಕೂಲಿಯ ಒಂದೂ ನೀರಿಗೇ ಸೇರಿ ಒಟ್ಟು ಮೂರಾಗುತ್ತದೆ.

1852ರಲ್ಲಿಯೇ ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧರಾದ ವಿಜ್ಞಾನಿ ವಿಲಿಯಂ ಥಾಮ್ಸನ್ ಈ ತತ್ತ್ವವನ್ನು ವಿವರಿಸಿದ್ದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಅದರ ಮುಂದೆ ಹರಿಯುವ ಲಿಮ್ಮಾಟ್ ನದಿಯ ನೀರಿನಿಂದ ಶಾಖ ತೆಗೆದು ಬೆಚ್ಚಗಾಗಿಸಿದರು. ಅಲ್ಲಿಯವರು ಕೊಠಡಿಗಳನ್ನು ಕಾಯಿಸಬೇಕು. ನಮಗೆ ಬೇಕಾದುದು ಬಚ್ಚಲಿನ ನೀರಷ್ಟೆ. ಅಲ್ಲಿ ಹಿಮ ಬೀಳುವ ಕಾಲದ ಗಾಳಿಯಲ್ಲಿ ಯಂತ್ರ ತಿಣುಕಬೇಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈ ಯಂತ್ರಕ್ಕೆ ನಮ್ಮ ಊರಿನ ಹವೆ ಹೇಳಿ ಮಾಡಿಸಿದಂತಿದೆ.

ಎರಡು ಮನೆಗಳ ಲೆಕ್ಕ

ಹಾಗಾದರೆ ಎಲ್ಲರೂ ಕೊಳ್ಳಬಹುದಲ್ಲವೆ? ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. 860 ಕಿಲೋ ಕ್ಯಾಲೊರಿಗೆ ಒಂದು ಯೂನಿಟ್. ಯೂನಿಟ್ಟಿಗೆ ಸುಮಾರಾಗಿ 6 ರೂಪಾಯಿ ಎಂದಿಟ್ಟುಕೊಳ್ಳೋಣ.

ಮೊದಲನೆಯ ಮನೆಯಲ್ಲಿ ನಾಲ್ವರು. ಬಕೆಟ್ಟು, ತಂಬಿಗೆಯ ಸ್ನಾನ. ತಲೆಗೆ 25 ಲೀಟರ್. ನಲ್ಲಿಯ ನೀರು 20 ಡಿಗ್ರಿ, ಸ್ನಾನದ ನೀರು 40 ಡಿಗ್ರಿ. 100 ಲೀಟರಿಗೆ 2,000 ಕಿಲೋ ಕ್ಯಾಲೊರಿ, ಅಂದರೆ ದಿನಕ್ಕೆ 2.3 ಯೂನಿಟ್. ಶಾಖದ ಪಂಪಿಗೆ 0.8 ಯೂನಿಟ್ ಸಾಕು. ಉಳಿತಾಯ ದಿನಕ್ಕೆ 9 ರೂಪಾಯಿ, ವರ್ಷವಿಡೀ ಚಳಿಗಾಲವೇ ಎಂದು ಭಾವಿಸಿದರೂ 3,300 ರೂಪಾಯಿ. ಲಕ್ಷ ರೂಪಾಯಿ ಮರಳಿ ಕೈಸೇರಲು ಮೂವತ್ತು ವರ್ಷ ಬೇಕು. ಅಷ್ಟು ಕಾಲ ಯಂತ್ರ ಬಾಳುವುದಿಲ್ಲ. ಈ ಮನೆಗೆ ಒಂದು ಒಳ್ಳೆಯ ಗೀಸರೇ ಸಾಕು.

ಎರಡನೆಯ ಮನೆಯಲ್ಲಿ ಹತ್ತು ಮಂದಿ. ದಯಾನಂದ ಸಾಗರ್ ಕಾಲೇಜುಗಳ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಊಟವಸತಿ ಕೊಡುವ ಮನೆಗಳು ಬೇಕಾದಷ್ಟಿವೆ, ಅಂಥದೊಂದು ಎಂದುಕೊಳ್ಳಿ. ಎಲ್ಲರದೂ ಷವರಿನ ಸ್ನಾನ, ತಲೆಗೆ 40 ಲೀಟರ್. ದಿನಕ್ಕೆ 8,000 ಕಿಲೋ ಕ್ಯಾಲೊರಿ, 9.3 ಯೂನಿಟ್. ಪಂಪಿಗೆ 3.1 ಯೂನಿಟ್. ಉಳಿತಾಯ ದಿನಕ್ಕೆ 37 ರೂಪಾಯಿ, ವರ್ಷಕ್ಕೆ 13,500 ರೂಪಾಯಿ. ಎಂಟು ವರ್ಷದೊಳಗೆ ಹಣ ಮರಳುತ್ತದೆ. ಇಲ್ಲಿ ಪಂಪು ವಿವೇಕದ ಆಯ್ಕೆ. ಯಂತ್ರ ಒಂದೇ, ಊರು ಒಂದೇ; ತೀರ್ಮಾನವನ್ನು ಬದಲಿಸಿದುದು ಕಾಯಿಸುವ ನೀರಿನ ಪ್ರಮಾಣ.

ಮತ್ತೊಂದು ಸೂಕ್ಷ್ಮವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯುಂಟು. ಅದನ್ನು ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿಯಾಗಿ ತಲೆಯ ಮೇಲೆ ಬೀಳುತ್ತದೆ. ಬೇರೆ ಬೇರೆ ಮೀಟರುಗಳುಳ್ಳ ಮೂರು ಸಂಸಾರಗಳಿಗೆ ತಾರಸಿಯ ಮೇಲೆ ಒಂದೇ ಪಂಪನ್ನು ಇಟ್ಟು ಅದನ್ನು ಮಾಲೀಕನ ಮೀಟರಿಗೆ ಜೋಡಿಸಿದರೆ ತಿಂಗಳಿಗೆ 93 ಯೂನಿಟ್ ಅವನೊಬ್ಬನ ಪಾಲಿಗೆ ಬರುತ್ತದೆ. ಮನೆಯ ಇತರ ಬಳಕೆ 120 ಇದ್ದರೆ ಮಿತಿ ದಾಟಿದಂತೆಯೇ. ಒಟ್ಟು ವಿದ್ಯುತ್ತು ಕಡಿಮೆಯಾಗಿಯೂ ಮಾಲೀಕನ ಖರ್ಚು ಏರಬಹುದು. ಬಾಡಿಗೆದಾರರೊಡನೆ ಮಾತುಕತೆ ಯಂತ್ರ ಬರುವ ಮುಂಚೆಯೇ ನಡೆಯಲಿ. ಆಮೇಲಿನ ಮಾತು ಮನಸ್ತಾಪಕ್ಕೆ ಎಡೆಗೊಡುತ್ತದೆ.

ಗೀಸರನ್ನೇ ಆರಿಸುವವರಿಗೂ ಒಂದು ಮಾತು. ಅದರ ಮೇಲಿನ ಐದು ನಕ್ಷತ್ರಗಳು ಕಡಿಮೆ ವಿದ್ಯುತ್ತಿನಲ್ಲಿ ನೀರು ಕಾಯುತ್ತದೆಂಬುದನ್ನು ಸೂಚಿಸುವುದಿಲ್ಲ. ಕಾದ ನೀರು ಎಷ್ಟು ನಿಧಾನವಾಗಿ ಆರುತ್ತದೆಂಬುದನ್ನು ಸೂಚಿಸುತ್ತವೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ ಕೂಡಲೇ ಆರಿಸುವ ಮನೆಯಲ್ಲಿ ನಕ್ಷತ್ರಗಳಿಂದ ದೊರೆಯುವ ಲಾಭ ಸ್ವಲ್ಪವೇ.

ಯಂತ್ರವನ್ನು ಆಳುವ ಬಗೆ

ಪಂಪನ್ನು ಕೊಂಡವರು ಅದನ್ನು ಗೀಸರಿನಂತೆ ನಡೆಸಿದರೆ ಉಳಿತಾಯವೆಲ್ಲ ಸೋರಿಹೋಗುತ್ತದೆ. ಇದು ಅವಸರದ ಯಂತ್ರವಲ್ಲ. ದೊಡ್ಡ ತೊಟ್ಟಿಯೊಂದು ಕಾಯಲು ಕೆಲವು ಗಂಟೆಗಳೇ ಬೇಕು. ಬಹಳಷ್ಟು ಯಂತ್ರಗಳಲ್ಲಿ ಅವಸರಕ್ಕೆಂದು ಗೀಸರಿನ ಸುರುಳಿಯನ್ನೂ ಒಳಗಿಟ್ಟಿರುತ್ತಾರೆ. ಅದು ತಾನಾಗಿ ಹೊತ್ತಿಕೊಳ್ಳುವಂತೆ ಬಿಟ್ಟರೆ ಲಕ್ಷ ರೂಪಾಯಿ ಕೊಟ್ಟು ಗೀಸರನ್ನೇ ತಂದಂತಾಯಿತು. ಆ ಗುಂಡಿಯನ್ನು ಆರಿಸಿಡಿ. ನೆಂಟರು ತುಂಬಿದ ದಿನ ಮಾತ್ರ ಹಾಕಿ.

ಹೊತ್ತನ್ನು ಆರಿಸುವುದು ಎರಡನೆಯ ಕೆಲಸ. ಜಪಾನಿನಲ್ಲಿ 2001ರಿಂದ ಪ್ರಚಾರಕ್ಕೆ ಬಂದ ಸ್ನಾನದ ನೀರಿನ ಪಂಪುಗಳು ರಾತ್ರಿಯ ಅಗ್ಗದ ವಿದ್ಯುತ್ತಿನಲ್ಲಿ ನಡೆಯುವಂತೆ ರೂಪುಗೊಂಡವು. ನಮ್ಮ ಸಾಮಾನ್ಯ ಮನೆಬಳಕೆಯ ದರದಲ್ಲಿ ಹಗಲು ರಾತ್ರಿಗಳ ಭೇದವಿಲ್ಲ. ಆದರೆ ಗಾಳಿಯಲ್ಲಿ ಭೇದವುಂಟು. ಗಾಳಿ ಬೆಚ್ಚಗಿದ್ದಷ್ಟೂ ಪಂಪಿನ ಶ್ರಮ ಕಡಿಮೆ. ಆದ್ದರಿಂದ ಮಧ್ಯಾಹ್ನ 12ರಿಂದ 4ರವರೆಗೆ ನಡೆಯುವಂತೆ ಗಡಿಯಾರವನ್ನು ಕಟ್ಟಿಡಿ. ಚೆನ್ನಾಗಿ ಹೊದಿಸಿದ ತೊಟ್ಟಿಯಲ್ಲಿ ನೀರು ಮರುದಿನ ಬೆಳಿಗ್ಗೆಯವರೆಗೂ ಬಿಸಿಯಾಗಿರುತ್ತದೆ.

ಮೂರನೆಯದು ಉಷ್ಣತೆ. ಹೊಗೆಯಾಡುವ ನೀರು ಬೇಕೆಂದು 65, 70 ಡಿಗ್ರಿಗೆ ಏರಿಸುವ ಅಭ್ಯಾಸ ಹಂಡೆಯ ಕಾಲದ್ದು. ಏರಿಸಿದ ಒಂದೊಂದು ಡಿಗ್ರಿಗೂ ಪಂಪು ಹೆಚ್ಚು ಏದುತ್ತದೆ, ಕೊಳವೆಬಾವಿಯ ಗಡಸುನೀರಾದರೆ ಸುಣ್ಣವೂ ಹೆಚ್ಚು ಕಟ್ಟುತ್ತದೆ. 55 ಡಿಗ್ರಿ ಸಾಕು. ಅಷ್ಟು ಬಿಸಿಯ 57 ಲೀಟರಿಗೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹದವಾದ 100 ಲೀಟರ್ ಸಿದ್ಧ. ನಿಂತ ಬೆಚ್ಚನೆಯ ನೀರಿನಲ್ಲಿ ರೋಗಾಣುಗಳು ಬೆಳೆಯದಂತೆ ವಾರಕ್ಕೊಮ್ಮೆ 60 ಡಿಗ್ರಿಗೆ ಏರಿಸುವುದು ಒಳ್ಳೆಯದು. ಆ ದಿನ ಮಕ್ಕಳನ್ನೂ ವೃದ್ಧರನ್ನೂ ಎಚ್ಚರಿಸಿ.

ಯಂತ್ರವನ್ನು ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿಡಬೇಡಿ. ತಾನು ತಣ್ಣಗಾಗಿಸಿದ ಗಾಳಿಯನ್ನೇ ಅದು ಮತ್ತೆ ಹೀರಬೇಕಾಗುತ್ತದೆ. ಬಯಲಿನಲ್ಲಿ, ಮಳೆ ಬೀಳದಂತೆ, ಆದರೆ ಮಲಗುವ ಕೋಣೆಯ ಕಿಟಕಿಯಿಂದ ದೂರವಾಗಿ ಇರಲಿ, ಏಕೆಂದರೆ ಅದಕ್ಕೆ ಸದ್ದುಂಟು. ಅದರಿಂದ ತೊಟ್ಟಿಕ್ಕುವ ನೀರಿಗೊಂದು ಕೊಳವೆ ಬೇಕು. ತೊಟ್ಟಿಯೊಳಗೆ ತುಕ್ಕನ್ನು ತಡೆಯುವ ಮೆಗ್ನೀಸಿಯಂ ಕಂಬಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ.

ಎಲ್ಲಕ್ಕಿಂತ ಮಿಗಿಲಾಗಿ, ತೊಟ್ಟಿ ಬಚ್ಚಲಿಗೆ ಹತ್ತಿರವಿರಲಿ. 20 ಮಿಲಿಮೀಟರ್ ಒಳಅಗಲದ 15 ಮೀಟರ್ ಕೊಳವೆಯಲ್ಲಿ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತದೆ; ಬಿಸಿನೀರು ಬರುವವರೆಗೆ ಅದಷ್ಟೂ ಮೋರಿಯ ಪಾಲು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಹತ್ತಿ ಬಂದ ಕಾವೇರಿಯ ನೀರದು. ಹೊದಿಸಿದ ಕೊಳವೆ, ಬಚ್ಚಲಿನಲ್ಲಿ ಆ ನೀರನ್ನು ಹಿಡಿಯುವ ಒಂದು ಬಕೆಟ್ಟು, ಇವೆರಡು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಉಪಕಾರ ಮಾಡುತ್ತವೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ವಾರ ನಿಮ್ಮ ಮನೆಯ ಸ್ನಾನದ ನೀರನ್ನು ಅಳೆದು ಬರೆದಿಡಿ. ಬಕೆಟ್ಟಿನ ಲೆಕ್ಕ ಸುಲಭ. ಷವರಾದರೆ ಒಂದು ನಿಮಿಷಕ್ಕೆ ಎಷ್ಟು ನೀರೆಂದು ಒಮ್ಮೆ ಹಿಡಿದು ನೋಡಿದರೆ ತಿಳಿಯುತ್ತದೆ. ದಿನಕ್ಕೆ 100 ಲೀಟರ್ ಬಂದರೆ ಪಂಪಿನ ಯೋಚನೆಯನ್ನು ಕೈಬಿಡಿ. 300, 400 ದಾಟಿದರೆ, ತಾರಸಿಗೆ ಬಿಸಿಲೂ ಇಲ್ಲದಿದ್ದರೆ, ಧೈರ್ಯವಾಗಿ ವಿಚಾರಿಸಿ. ಮನೆಯಲ್ಲಿ ಕೀಲುನೋವಿನ ಹಿರಿಯರಿದ್ದು ಹೊತ್ತುಹೊತ್ತಿಗೆ ಬಿಸಿನೀರು ಬೇಕಾದರೆ ಅದನ್ನೂ ಆ ಪಟ್ಟಿಯಲ್ಲಿ ಮರೆಯದೆ ಬರೆಯಿರಿ. ಅವರ ಎರಡು ಬಕೆಟ್ಟನ್ನು ಉಳಿತಾಯದ ಹೆಸರಿನಲ್ಲಿ ಯಾರೂ ಕಡಿಮೆ ಮಾಡದಿರಲಿ.